ಗಾಡಿ ನಿಂತ ಮೇಲೆ: ಅಮೆರಿಕದ ಟ್ರಾಫಿಕ್ ಸ್ಟಾಪ್ ಮತ್ತು ಪೊಲೀಸ್ ಬಲಪ್ರಯೋಗದ ಜಗಳ

(ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಪೊಲೀಸರು ರಸ್ತೆಯಲ್ಲಿ ಗಾಡಿ ನಿಲ್ಲಿಸಿದಾಗ, ಅಂದರೆ ಟ್ರಾಫಿಕ್ ಸ್ಟಾಪ್‌ನಲ್ಲಿ, ಮಾಡುವ ಬಲಪ್ರಯೋಗದ ವಿಷಯ ಎತ್ತಿದರೆ ಎರಡೇ ನಿಮಿಷದಲ್ಲಿ ಸಭೆ ಎರಡು ಪಾಲಾಗುತ್ತದೆ. "ಪೊಲೀಸರು ಹೇಳಿದ್ದನ್ನು ಕೇಳಿದ್ದರೆ ಏನೂ ಆಗುತ್ತಿರಲಿಲ್ಲ" ಎನ್ನುವವರು ಒಂದು ಕಡೆ. "ಟೋಲ್ ಬಾಕಿಗೆಲ್ಲ ಪ್ರಾಣ ತೆಗೆಯುತ್ತಾರೇನ್ರೀ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ನೋಡಿರುವುದು ಅದೇ ಒಂದು ವೀಡಿಯೊ, ಅದರಲ್ಲೂ ಕೊನೆಯ ಕೆಲವು ಸೆಕೆಂಡು. ಆ ಸೆಕೆಂಡುಗಳನ್ನೇ ಹಿಡಿದುಕೊಂಡು ಎಷ್ಟು ವಾದಿಸಿದರೂ ಇದು ಬಗೆಹರಿಯುವ ಜಗಳವಲ್ಲ ಎಂಬುದು ನನ್ನ ವಾದ. ಗಾಡಿ ಯಾಕೆ ನಿಲ್ಲಿಸಿದರು, ಮೊದಲ ಎರಡು ಮೂರು ನಿಮಿಷ ಏನು ಮಾತಾಯಿತು, ಯಾರ ಕೈ ಎಲ್ಲಿತ್ತು ಎನ್ನುವಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಕಾನೂನು ಇದನ್ನು ನೋಡಬೇಕೋ ಬೇಡವೋ ಎಂಬ ಪ್ರಶ್ನೆಯೇ 2025ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿಂದ ಶುರು ಮಾಡುತ್ತೇನೆ.

2016ರ ಏಪ್ರಿಲ್ 28, ಟೆಕ್ಸಸ್‌ನ ಹ್ಯೂಸ್ಟನ್ ಹೊರವಲಯದ ಹೆದ್ದಾರಿ. ಟೋಲ್ ಕಟ್ಟದೆ ಬಾಕಿ ಉಳಿಸಿಕೊಂಡ ಒಂದು ಟೊಯೋಟ ಕೊರೊಲಾದ ನಂಬರು ಪೊಲೀಸ್ ರೇಡಿಯೊದಲ್ಲಿ ಬರುತ್ತದೆ. ಗಸ್ತಿನಲ್ಲಿದ್ದ ಅಧಿಕಾರಿ ರಾಬರ್ಟೊ ಫೆಲಿಕ್ಸ್ ಆ ಕಾರನ್ನು ನಿಲ್ಲಿಸುತ್ತಾರೆ. ಓಡಿಸುತ್ತಿದ್ದವರು 24 ವರ್ಷದ ಆಶ್ಟಿಯನ್ ಬಾರ್ನ್ಸ್. ಲೈಸೆನ್ಸ್, ವಿಮೆ ಪತ್ರ ಕೇಳಿದಾಗ ಬಾರ್ನ್ಸ್, ಲೈಸೆನ್ಸ್ ಹತ್ತಿರ ಇಲ್ಲ, ಇದು ಗೆಳತಿಯ ಹೆಸರಿನಲ್ಲಿ ಬಾಡಿಗೆಗೆ ಪಡೆದ ಕಾರು ಎನ್ನುತ್ತಾರೆ. ಮಾತಾಡುತ್ತಲೇ ಕಾರಿನೊಳಗಿನ ಕಾಗದಗಳನ್ನು ತಡಕಾಡುತ್ತಾರೆ. ತಡಕಾಡಬೇಡಿ ಎಂದು ಫೆಲಿಕ್ಸ್ ಹಲವು ಸಲ ಹೇಳುತ್ತಾರೆ, ಗಾಂಜಾ ವಾಸನೆ ಬರುತ್ತಿದೆ ಎನ್ನುತ್ತಾರೆ. ಗುರುತಿನ ಚೀಟಿ ಡಿಕ್ಕಿಯಲ್ಲಿರಬಹುದು ಎಂದು ಬಾರ್ನ್ಸ್ ಹೇಳಿದ್ದಕ್ಕೆ ಡಿಕ್ಕಿ ತೆಗೆಯಲು ಸೂಚನೆ. ಬಾರ್ನ್ಸ್ ಇಂಜಿನ್ ಆಫ್ ಮಾಡಿ ತೆಗೆಯುತ್ತಾರೆ. ಆಮೇಲೆ ಕೆಳಗಿಳಿಯಲು ಸೂಚನೆ. ಬಾಗಿಲು ತೆರೆದ ಬಾರ್ನ್ಸ್ ಇಳಿಯುವುದಿಲ್ಲ, ಬದಲಿಗೆ ಮತ್ತೆ ಇಂಜಿನ್ ಆನ್ ಮಾಡುತ್ತಾರೆ. ಫೆಲಿಕ್ಸ್ ಪಿಸ್ತೂಲು ಹೊರತೆಗೆಯುತ್ತಾರೆ. ಕಾರು ಮುಂದಕ್ಕೆ ಸರಿದಾಗ ಅವರು ತೆರೆದ ಬಾಗಿಲಿನ ಕೆಳಗಿನ ಹೊಸ್ತಿಲ ಮೇಲೆ ಹಾರಿ ನಿಲ್ಲುತ್ತಾರೆ. ಅವರ ತಲೆ ಕಾರಿನ ಮಾಡಿಗಿಂತ ಮೇಲಿದೆ, ಒಳಗೆ ಏನಾಗುತ್ತಿದೆ ಎಂದು ಕಾಣಿಸುವುದಿಲ್ಲ. ಆ ಸ್ಥಿತಿಯಲ್ಲಿ ಒಳಕ್ಕೆ ಎರಡು ಗುಂಡು ಹಾರಿಸುತ್ತಾರೆ. ಬಾರ್ನ್ಸ್ ಕಾರನ್ನು ನಿಲ್ಲಿಸಿ, ಅಲ್ಲೇ ಸಾಯುತ್ತಾರೆ.

ಕಾರು ಚಲಿಸಿ ನಿಲ್ಲುವವರೆಗೆ ಒಟ್ಟು ಸುಮಾರು ಐದು ಸೆಕೆಂಡು. ಹೊಸ್ತಿಲ ಮೇಲೆ ಕಾಲಿಟ್ಟಾಗಿನಿಂದ ಮೊದಲ ಗುಂಡಿನವರೆಗೆ ಎರಡು ಸೆಕೆಂಡು. ಬಾರ್ನ್ಸ್ ಕುಟುಂಬ ಹೂಡಿದ ದಾವೆಯಲ್ಲಿ, ಟೆಕ್ಸಸ್ ಸೇರಿರುವ ಐದನೇ ಸರ್ಕಿಟ್‌ನ (ಕೇಂದ್ರ ನ್ಯಾಯಾಲಯಗಳ ಒಂದು ವಲಯ) ಮೇಲ್ಮನವಿ ನ್ಯಾಯಾಲಯ, ತಾನು ನೋಡಬಹುದಾದದ್ದು ಆ ಎರಡು ಸೆಕೆಂಡನ್ನು ಮಾತ್ರ ಎಂದಿತು. ಚಲಿಸುವ ಕಾರಿಗೆ ನೇತುಬಿದ್ದವರಿಗೆ ಆ ಕ್ಷಣ ಜೀವಭಯ ಇತ್ತೇ? ಇತ್ತು. ಹಾಗಾದರೆ ಗುಂಡು ಹಾರಿಸಿದ್ದು ಸರಿ. ಅಲ್ಲಿಗೆ ನೇತುಬಿದ್ದದ್ದು ಯಾರ ನಿರ್ಧಾರ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ತೀರ್ಪು ಬರೆದ ನ್ಯಾಯಾಧೀಶ ಹಿಗಿನ್‌ಬಾಥಮ್ ಅವರೇ ಪ್ರತ್ಯೇಕ ಟಿಪ್ಪಣಿಯಲ್ಲಿ ಈ ನಿಯಮದ ಬಗ್ಗೆ ತಮ್ಮ ಅಸಮಾಧಾನವನ್ನು ದಾಖಲಿಸಿದರು.

2025ರ ಮೇ 15ರಂದು ಸುಪ್ರೀಂ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತ, ಬರೆದವರು ಎಲೆನಾ ಕೇಗನ್. ಬಲಪ್ರಯೋಗ ಸಮಂಜಸವಾಗಿತ್ತೇ ಎಂದು ನೋಡುವಾಗ ಇಡೀ ಸನ್ನಿವೇಶವನ್ನು ನೋಡಬೇಕು, ಕಾಲಕ್ಕೆ ಬೇಲಿ ಹಾಕಿಕೊಳ್ಳಬಾರದು ಎಂಬುದು ಅದರ ಸಾರ. ಇದನ್ನು ಕೇಳಿ ಬಾರ್ನ್ಸ್ ಕುಟುಂಬ ಗೆದ್ದಿತು ಎಂದುಕೊಳ್ಳಬೇಡಿ. ಕೋರ್ಟ್ ಪ್ರಕರಣವನ್ನು ಕೆಳಕ್ಕೆ ವಾಪಸು ಕಳಿಸಿತು, ಅಷ್ಟೇ. ಹಿಂದಿನ ನಿಮಿಷಗಳನ್ನು ನೋಡಿದರೆ ಅಧಿಕಾರಿಯ ವಾದಕ್ಕೇ ಬಲ ಬರಲೂಬಹುದು: ಲೈಸೆನ್ಸ್ ಇಲ್ಲ, ತಡಕಾಟ, ಆದೇಶ ಮೀರಿ ಇಂಜಿನ್ ಆನ್. ಅಧಿಕಾರಿ ತಾನೇ ಅಪಾಯ ತಂದುಕೊಂಡು ಆಮೇಲೆ ಗುಂಡು ಹಾರಿಸಿದರೆ ಹೇಗೆ ಎಂಬ ಮುಖ್ಯ ಪ್ರಶ್ನೆಯನ್ನು ಕೋರ್ಟ್ ಬೇಕೆಂದೇ ಮುಟ್ಟಲಿಲ್ಲ. ನ್ಯಾಯಮೂರ್ತಿ ಕ್ಯಾವನಾ, ಇನ್ನು ಮೂವರ ಜೊತೆ ಸೇರಿ, ಪೊಲೀಸರ ಕಷ್ಟವನ್ನು ಪ್ರತ್ಯೇಕವಾಗಿ ಬರೆದರು. ಚಾಲಕ ಗಾಡಿ ಓಡಿಸಿಕೊಂಡು ಹೊರಟರೆ ಬಿಟ್ಟುಬಿಡಬಹುದು, ಬೆನ್ನಟ್ಟಬಹುದು, ಟೈರಿಗೆ ಗುಂಡು ಹೊಡೆಯಬಹುದು, ಅಲ್ಲೇ ತಡೆಯಲು ನೋಡಬಹುದು. ಯಾವುದೂ ಒಳ್ಳೆಯ ದಾರಿಯಲ್ಲ ಎನ್ನುವುದು ಅವರ ಮಾತು. ನನಗಂತೂ ಮೊದಲನೆಯ ದಾರಿ ಅಷ್ಟು ಕೆಟ್ಟದ್ದೆಂದು ಅನಿಸುವುದಿಲ್ಲ. ನಂಬರ್ ಪ್ಲೇಟ್ ಗೊತ್ತಿದೆ, ಬಾಕಿ ಇರುವುದು ಟೋಲ್.

ಈ ತೀರ್ಪಿನ ತಳಹದಿ ಗ್ರಹಾಂ ವಿರುದ್ಧ ಕಾನರ್ ಪ್ರಕರಣ. ಅದರ ತೀರ್ಪು ಬಂದದ್ದು 1989ರ ಮೇ 15, ಸರಿಯಾಗಿ 36 ವರ್ಷ ಹಿಂದಿನ ಅದೇ ದಿನ. ಅದೂ ಕಾರು ನಿಲ್ಲಿಸಿದ ಪ್ರಕರಣವೇ. 1984ರ ನವೆಂಬರ್, ನಾರ್ತ್ ಕ್ಯಾರೊಲಿನಾದ ಶಾರ್ಲೆಟ್. ಡೆಥೋರ್ನ್ ಗ್ರಹಾಂಗೆ ಸಕ್ಕರೆ ಕಾಯಿಲೆ. ಶುಗರ್ ಇಳಿಯುತ್ತಿದೆ ಎಂದು ಗೆಳೆಯನ ಕಾರಿನಲ್ಲಿ ಕಿತ್ತಳೆ ರಸ ಕೊಳ್ಳಲು ಅಂಗಡಿಗೆ ಹೋದರು. ಸಾಲು ಉದ್ದವಿತ್ತು, ತಕ್ಷಣ ಹೊರಬಂದರು. ಇದನ್ನು ಕಂಡು ಅನುಮಾನಪಟ್ಟ ಅಧಿಕಾರಿ ಕಾರು ನಿಲ್ಲಿಸಿದ. ಸಕ್ಕರೆ ಕಾಯಿಲೆ ಎಂದು ಹೇಳಿದರೂ ಕೇಳದೆ ಕೈಕೋಳ ತೊಡಿಸಿದರು. ಕೊನೆಗೆ ಅಂಗಡಿಯಲ್ಲಿ ಏನೂ ನಡೆದಿಲ್ಲ ಎಂದು ಗೊತ್ತಾಗಿ ಬಿಟ್ಟು ಕಳಿಸುವಷ್ಟರಲ್ಲಿ ಪಾದದ ಮೂಳೆ ಮುರಿದಿತ್ತು, ಮಣಿಕಟ್ಟಿನಲ್ಲಿ ಗಾಯ, ಹಣೆಗೂ ಭುಜಕ್ಕೂ ಪೆಟ್ಟು. ಇವತ್ತಿಗೂ ಬಳಕೆಯಲ್ಲಿರುವ ಅಳತೆಗೋಲನ್ನು ಕೋರ್ಟ್ ಕೊಟ್ಟದ್ದು ಈ ಪ್ರಕರಣದಲ್ಲಿ. ಆ ಜಾಗದಲ್ಲಿ ನಿಂತ ಸಮಂಜಸ ಅಧಿಕಾರಿಯ ಕಣ್ಣಿನಿಂದ ನೋಡಬೇಕು, ಆಮೇಲೆ ಗೊತ್ತಾದ ಸಂಗತಿಯಿಂದ ಅಲ್ಲ. ಅಪರಾಧ ಎಷ್ಟು ಗಂಭೀರ, ತಕ್ಷಣದ ಅಪಾಯ ಇತ್ತೇ, ವ್ಯಕ್ತಿ ಪ್ರತಿರೋಧಿಸಿದರೇ ಅಥವಾ ಓಡಿದರೇ ಎಂದು ತೂಗಬೇಕು. ಮರುವಿಚಾರಣೆಯಲ್ಲಿ ಜ್ಯೂರಿ ಪೊಲೀಸರ ಪರವೇ ತೀರ್ಮಾನ ಕೊಟ್ಟಿತು. ಹೀಗಾಗಿ ಅಳತೆಗೋಲಿಗೆ ಹೆಸರು ಕೊಟ್ಟ ಗ್ರಹಾಂ ಅದೇ ಅಳತೆಯಲ್ಲಿ ಸೋತರು.

ಈಗ ಗಾಡಿ ನಿಲ್ಲಿಸುವ ಕ್ರಮಕ್ಕೆ ಬರೋಣ. ವೀಡಿಯೊ ನೋಡಿ ಅಭಿಪ್ರಾಯ ಹೇಳುವ ಬಹಳ ಮಂದಿಗೆ ಇದು ಗೊತ್ತಿರುವುದಿಲ್ಲ.

ಅಧಿಕಾರಿ ದೀಪ ಹಾಕುವ ಮೊದಲೇ ನಿಮ್ಮ ನಂಬರನ್ನು ಕಂಪ್ಯೂಟರಿನಲ್ಲಿ ನೋಡಿರುತ್ತಾರೆ, ನಿಲ್ಲಿಸುವ ಜಾಗವನ್ನು ಕಂಟ್ರೋಲ್ ರೂಮಿಗೆ ಹೇಳಿರುತ್ತಾರೆ. ಅವರ ಕಾರು ನಿಮ್ಮ ಕಾರಿನ ಹತ್ತು-ಹದಿನೈದು ಅಡಿ ಹಿಂದೆ, ಎರಡು ಮೂರು ಅಡಿ ಎಡಕ್ಕೆ ಸರಿದು ನಿಲ್ಲುತ್ತದೆ. ನಡೆದು ಬರುವಾಗ ಹಿಂದಿನಿಂದ ಬರುವ ಗಾಡಿ ತಮ್ಮ ಮೇಲೆ ಹರಿಯದಂತೆ ಅದು ತಡೆಯಾಗಲಿ ಎಂದು. ರಾತ್ರಿಯಾದರೆ ಜೋರು ಬೆಳಕು ನಿಮ್ಮ ಕನ್ನಡಿಗೆ ಬಿಡುತ್ತಾರೆ, ನಿಮಗೆ ಅವರು ಕಾಣಬಾರದು, ಅವರಿಗೆ ನೀವು ಕಾಣಬೇಕು. ಹೆದ್ದಾರಿಯಲ್ಲಿ ಎಷ್ಟೋ ಸಲ ಬಲಗಡೆಯ ಕಿಟಕಿಗೆ ಬರುತ್ತಾರೆ. ಅವರ ಕಣ್ಣು ಹುಡುಕುವುದು ನಿಮ್ಮ ಕೈಗಳನ್ನು.

ಬಾಡಿ ಕ್ಯಾಮೆರಾದ ಬಗ್ಗೆ ಒಂದು ಸಣ್ಣ ವಿವರ. ಹೆಚ್ಚು ಬಳಕೆಯಲ್ಲಿರುವ ಕ್ಯಾಮೆರಾಗಳು ಗುಂಡಿ ಒತ್ತುವ ಮೊದಲಿನ ಸುಮಾರು 30 ಸೆಕೆಂಡಿನ ಚಿತ್ರವನ್ನು ತಾವೇ ಉಳಿಸಿಕೊಳ್ಳುತ್ತವೆ, ಆದರೆ ಶಬ್ದವನ್ನು ಉಳಿಸುವುದಿಲ್ಲ. ಆದ್ದರಿಂದ ಬಿಡುಗಡೆಯಾದ ವೀಡಿಯೊಗಳು ಮೊದಲ ಅರ್ಧ ನಿಮಿಷ ಮೂಕವಾಗಿರುತ್ತವೆ. "ಆಡಿಯೊ ಅಳಿಸಿಹಾಕಿದ್ದಾರೆ" ಎಂಬ ಗಲಾಟೆ ಪ್ರತಿ ಸಲವೂ ಏಳುತ್ತದೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಕ್ಯಾಮೆರಾ ಯಾವಾಗ ಆನ್ ಆಯಿತು, ಜಗಳ ಶುರುವಾಗುವ ಮೊದಲೋ ಆಮೇಲೋ ಎಂಬುದು. ಇನ್ನೊಂದು ವಿಷಯ: ಎದೆಯ ಮೇಲಿನ ಕ್ಯಾಮೆರಾ ಹೊಡೆದಾಟದಲ್ಲಿ ತೋರಿಸುವುದು ಬರೀ ಬಟ್ಟೆ ಮತ್ತು ಕತ್ತಲೆಯನ್ನು. 2023ರ ಜನವರಿ 7ರಂದು ಮೆಂಫಿಸ್‌ನಲ್ಲಿ ಗಾಡಿ ನಿಲ್ಲಿಸಿದ ಪೊಲೀಸರು ಟೈರ್ ನಿಕಲ್ಸ್ ಎಂಬವರ ಮೇಲೆ ನಡೆಸಿದ ಪ್ರಾಣಾಂತಿಕ ಹಲ್ಲೆಯನ್ನು ಸ್ಪಷ್ಟವಾಗಿ ಹಿಡಿದದ್ದು ಬೀದಿ ಕಂಬದ ಮೇಲಿನ ಕ್ಯಾಮೆರಾ. ಬಾಡಿ ಕ್ಯಾಮೆರಾಗಳಲ್ಲಿ ಕೇಳಿಸುತ್ತಿದ್ದುದು ಅರಚಾಟದ ಆದೇಶಗಳು. ನ್ಯೂಯಾರ್ಕ್ ಟೈಮ್ಸ್ ಎಣಿಸಿದಂತೆ ಸುಮಾರು 13 ನಿಮಿಷದಲ್ಲಿ ಕನಿಷ್ಠ 71 ಆದೇಶ, ಅವುಗಳಲ್ಲಿ ಎಷ್ಟೋ ಒಂದಕ್ಕೊಂದು ವಿರುದ್ಧ. ಕೈಗಳನ್ನು ಇಬ್ಬರು ಹಿಡಿದುಕೊಂಡಿರುವಾಗ "ಕೈ ಕೊಡು" ಎನ್ನುವುದು ಅಂಥದ್ದೊಂದು.

ಎಲ್ಲಿ ಕೆಡುತ್ತದೆ? ನನ್ನ ಲೆಕ್ಕದಲ್ಲಿ ಮೂರು ಜಾಗ.

ಮೊದಲನೆಯದು, ಕೈ. ಲೈಸೆನ್ಸ್ ಕೊಡಿ ಎಂಬ ಆದೇಶವೂ ಕೈ ಆಡಿಸಬೇಡಿ ಎಂಬ ಆದೇಶವೂ ಒಟ್ಟಿಗೆ ಬರುತ್ತವೆ. 2016ರ ಜುಲೈ 6, ಮಿನೆಸೋಟದ ಫಾಲ್ಕನ್ ಹೈಟ್ಸ್. ಬ್ರೇಕ್ ಲೈಟ್ ಕಾರಣ ಕೊಟ್ಟು ಫಿಲ್ಯಾಂಡೊ ಕ್ಯಾಸ್ಟೀಲ್ ಅವರ ಕಾರು ನಿಲ್ಲಿಸಿದ ಅಧಿಕಾರಿ ಲೈಸೆನ್ಸ್ ಮತ್ತು ವಿಮೆ ಕೇಳಿದರು. ಪರವಾನಗಿ ಇರುವ ಬಂದೂಕು ತಮ್ಮ ಬಳಿ ಇದೆ ಎಂದು ಕ್ಯಾಸ್ಟೀಲ್ ವಿನಯದಿಂದಲೇ ತಿಳಿಸಿದರು. ಅದಕ್ಕೆ ಕೈ ಹಾಕಬೇಡಿ ಎಂದರು ಅಧಿಕಾರಿ, ಹಾಕುತ್ತಿಲ್ಲ ಎಂದರು ಕ್ಯಾಸ್ಟೀಲ್. ಮರುಕ್ಷಣ ಏಳು ಗುಂಡು. ಕಿಟಕಿಯ ಬಳಿ ಮಾತು ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. 2017ರಲ್ಲಿ ಜ್ಯೂರಿ ಅಧಿಕಾರಿಯನ್ನು ಖುಲಾಸೆ ಮಾಡಿತು. ಬಂದೂಕಿನ ಮಾತು ಬಂದ ಕೂಡಲೇ ಲೈಸೆನ್ಸಿನ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡು, "ಎರಡೂ ಕೈ ಸ್ಟೀರಿಂಗ್ ಮೇಲಿಡಿ, ಏನನ್ನೂ ತೆಗೆಯಬೇಡಿ" ಎಂದು ಒಂದೇ ಆದೇಶ ಕೊಟ್ಟಿದ್ದರೆ ಗೊಂದಲಕ್ಕೆ ಜಾಗ ಇರುತ್ತಿರಲಿಲ್ಲ.

ಎರಡನೆಯದು, ಕೆಳಗಿಳಿಸುವುದು. 1977ರ ಪೆನ್ಸಿಲ್ವೇನಿಯಾ ವಿರುದ್ಧ ಮಿಮ್ಸ್ ತೀರ್ಪಿನ ಪ್ರಕಾರ, ಕಾನೂನುಬದ್ಧವಾಗಿ ನಿಲ್ಲಿಸಿದ ಕಾರಿನ ಚಾಲಕರಿಗೆ ಇಳಿಯಿರಿ ಎನ್ನಲು ಅಧಿಕಾರಿಗೆ ಬೇರೆ ಕಾರಣ ಬೇಕಿಲ್ಲ. 1997ರಲ್ಲಿ ಇದನ್ನು ಪ್ರಯಾಣಿಕರಿಗೂ ವಿಸ್ತರಿಸಿದರು. "ಯಾಕೆ ಇಳಿಯಬೇಕು, ಕಾರಣ ಹೇಳಿ" ಎಂಬ ಪ್ರಶ್ನೆ ನಮ್ಮ ದೃಷ್ಟಿಯಲ್ಲಿ ನ್ಯಾಯವಾದದ್ದೇ, ಆದರೆ ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಉತ್ತರ ಬರದಿದ್ದರೂ ಇಳಿಯಲೇಬೇಕು. ಇಳಿಯದಿದ್ದರೆ ಅಧಿಕಾರಿ ಬಾಗಿಲು ತೆಗೆದು ಎಳೆಯುತ್ತಾರೆ. ಸೀಟ್ ಬೆಲ್ಟ್ ಬಿಗಿದಿರುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ, ಬೆಲ್ಟ್ ತೆಗೆಯಲು ಒಳಕ್ಕೆ ಬಗ್ಗಬೇಕು. ಇಂಜಿನ್ ಆನ್ ಇದ್ದು ಗೇರ್ ಬಿದ್ದರೆ ಅಧಿಕಾರಿಯ ಅರ್ಧ ದೇಹ ಚಲಿಸುವ ಕಾರಿನೊಳಗೆ. ಆಗ "ಕಾರೇ ಆಯುಧ" ಎಂಬ ವಾದ ಹುಟ್ಟುತ್ತದೆ. ಒಳಕ್ಕೆ ಕೈ ಹಾಕಬೇಡಿ, ಕಿಟಕಿಯೊಳಗೆ ಬಗ್ಗಬೇಡಿ, ಚಲಿಸುವ ಕಾರಿನ ದಾರಿಯಲ್ಲಿ ನಿಲ್ಲಬೇಡಿ ಎಂದು ಒಳ್ಳೆಯ ತರಬೇತಿಯಲ್ಲೆಲ್ಲ ಹೇಳಿಕೊಡುತ್ತಾರೆ. ನ್ಯೂಯಾರ್ಕ್ ನಗರ ಪೊಲೀಸರು ಚಲಿಸುವ ಕಾರಿಗೆ ಗುಂಡು ಹಾರಿಸುವುದಕ್ಕೆ 1972ರಲ್ಲೇ ಕಡಿವಾಣ ಹಾಕಿದರು. ಕಾರಣ ಸರಳ: ಗುಂಡಿಗೆ ಕಾರು ನಿಲ್ಲುವುದಿಲ್ಲ, ಚಾಲಕ ಸತ್ತರೆ ಅದೇ ಕಾರು ಹಿಡಿತ ತಪ್ಪಿ ಇನ್ನೊಬ್ಬರ ಮೇಲೆ ಹೋಗುತ್ತದೆ. ಕೇಂದ್ರ ನ್ಯಾಯ ಇಲಾಖೆಯ 2022ರ ನಿಯಮದಲ್ಲೂ ದಾರಿಯಿಂದ ಪಕ್ಕಕ್ಕೆ ಸರಿಯಲು ಸಾಧ್ಯವಿದ್ದರೆ ಗುಂಡಿಗೆ ಅವಕಾಶವಿಲ್ಲ.

ಮೂರನೆಯದು ಅಹಂ. ಇದಕ್ಕೆ 2015ರ ಜುಲೈ 10ರ ಸಾಂಡ್ರಾ ಬ್ಲಾಂಡ್ ಪ್ರಕರಣವನ್ನು ನಿಧಾನವಾಗಿ ನೋಡಬೇಕು. ಟೆಕ್ಸಸ್‌ನ ಪ್ರೇರಿ ವ್ಯೂ. ಇಂಡಿಕೇಟರ್ ಹಾಕದೆ ಲೇನ್ ಬದಲಿಸಿದ್ದಕ್ಕೆ ನಿಲ್ಲಿಸಿದ್ದು. ಅಧಿಕಾರಿ ತನ್ನ ಕಾರಿಗೆ ಹೋಗಿ ಎಚ್ಚರಿಕೆಯ ಚೀಟಿ ಬರೆದು ತಂದಿದ್ದರು, ದಂಡವೂ ಇಲ್ಲ. ಕೊಟ್ಟು ಕಳಿಸಿದ್ದರೆ ಮುಗಿಯಿತು. ನಿಮಗೆ ಸಿಟ್ಟು ಬಂದ ಹಾಗಿದೆ ಎಂದು ಮಾತು ತೆಗೆದರು. ಹೌದು ಬಂದಿದೆ ಎಂದು ಆಕೆ ಕಾರಣ ಹೇಳಿದರು. ಸಿಗರೇಟ್ ಆರಿಸಿ ಎಂದರು, ನನ್ನ ಕಾರಿನಲ್ಲಿ ಕೂತು ಯಾಕೆ ಆರಿಸಬೇಕು ಎಂದರು ಆಕೆ. ಹಾಗಾದರೆ ಇಳಿಯಿರಿ. ಅಲ್ಲಿಂದ ಟೇಸರ್ (ವಿದ್ಯುತ್ ಆಘಾತ ಕೊಡುವ ಪಿಸ್ತೂಲಿನಂಥ ಸಾಧನ) ಹೊರಬಂತು, ನೆಲಕ್ಕೆ ಕೆಡವಿದರು, ಬಂಧನವಾಯಿತು. ಮೂರು ದಿನದ ಮೇಲೆ ಆಕೆ ಜೈಲಿನ ಕೋಣೆಯಲ್ಲಿ ಶವವಾಗಿ ಸಿಕ್ಕರು. ಇಳಿಯಿರಿ ಎನ್ನುವ ಅಧಿಕಾರ ಮಿಮ್ಸ್ ತೀರ್ಪಿನಿಂದ ಬಂದದ್ದು ಅಧಿಕಾರಿಯ ಸುರಕ್ಷತೆಗಾಗಿ. ಚೀಟಿ ಬರೆದು ಮುಗಿಸಿದ ಮೇಲೆ ಅದನ್ನು ಪ್ರಯೋಗಿಸಿದ್ದು ಸಿಗರೇಟಿನ ಜಿದ್ದಿಗೆ. ಈ ವೀಡಿಯೊದ ಕೊನೆಯ ಭಾಗ ಮಾತ್ರ ನೋಡಿದವರು "ಆಕೆ ಪ್ರತಿರೋಧಿಸಿದರು" ಎನ್ನುತ್ತಾರೆ, ಮೊದಲಿನಿಂದ ನೋಡಿದವರು ಬೇರೆ ಮಾತಾಡುತ್ತಾರೆ.

ಟೇಸರ್ ಬಗ್ಗೆ ಎರಡು ಮಾತು. 2021ರ ಏಪ್ರಿಲ್ 11ರಂದು ಮಿನೆಸೋಟದ ಬ್ರೂಕ್ಲಿನ್ ಸೆಂಟರ್‌ನಲ್ಲಿ 20 ವರ್ಷದ ಡಾಂಟೆ ರೈಟ್ ಅವರನ್ನು ಬಂಧಿಸಲು ಹೋದಾಗ ಅನುಭವಿ ಅಧಿಕಾರಿ ಕಿಮ್ ಪಾಟರ್ "ಟೇಸರ್, ಟೇಸರ್" ಎಂದು ಕೂಗುತ್ತಾ ಪಿಸ್ತೂಲಿನಿಂದ ಗುಂಡು ಹಾರಿಸಿದರು, ರೈಟ್ ಸತ್ತರು. ನಿಲ್ಲಿಸಲು ಕಾರಣವಾಗಿದ್ದು ಅವಧಿ ಮುಗಿದ ನೋಂದಣಿ ಸ್ಟಿಕ್ಕರ್, ಕನ್ನಡಿಗೆ ತೂಗುಹಾಕಿದ್ದ ಸುವಾಸನೆಯ ಬಿಲ್ಲೆ. ಟೇಸರ್ ಹಳದಿ, ತೂಕ ಪಿಸ್ತೂಲಿನ ಅರ್ಧಕ್ಕೂ ಕಡಿಮೆ, ಎಡ ಸೊಂಟದಲ್ಲಿ ಎಡಗೈಯಿಂದ ತೆಗೆಯುವಂತೆ ಇತ್ತು. ಆದರೂ ಒತ್ತಡದಲ್ಲಿ ಬಲಗೈ ಅಭ್ಯಾಸದ ಕಡೆಗೇ ಹೋಯಿತು. ಪಾಟರ್ ಅವರಿಗೆ ಎರಡು ವರ್ಷ ಶಿಕ್ಷೆಯಾಯಿತು. "ಗುಂಡಿನ ಬದಲು ಟೇಸರ್ ಕೊಡಿ" ಎನ್ನುವವರು ಈ ಪ್ರಕರಣ ಓದಬೇಕು. ಸುವಾಸನೆಯ ಬಿಲ್ಲೆಗೆ ಗಾಡಿಯನ್ನೇ ನಿಲ್ಲಿಸದಿದ್ದರೆ ಯಾವ ಸೊಂಟದಲ್ಲಿ ಏನಿದೆ ಎಂಬ ಪ್ರಶ್ನೆಯೇ ಬರುವುದಿಲ್ಲ.

ಅಪಾಯದ ಲೆಕ್ಕಕ್ಕೆ ಬಂದರೆ ಜಗಳ ಇನ್ನೂ ಬಿಸಿ. ಟ್ರಾಫಿಕ್ ಸ್ಟಾಪ್‌ನಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ ಎಂದು ಪೊಲೀಸ್ ತರಬೇತಿಯಲ್ಲಿ ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಕಾನೂನು ಪ್ರಾಧ್ಯಾಪಕ ಜೋರ್ಡನ್ ಬ್ಲೇರ್ ವುಡ್ಸ್ ಫ್ಲಾರಿಡಾದ 200ಕ್ಕೂ ಹೆಚ್ಚು ಠಾಣಾ ವ್ಯವಸ್ಥೆಗಳ ಹತ್ತು ವರ್ಷದ ದಾಖಲೆ ತೆಗೆದು 2019ರಲ್ಲಿ ಪ್ರಕಟಿಸಿದರು: ಸಾಮಾನ್ಯ ಸ್ಟಾಪ್‌ಗಳಲ್ಲಿ ಅಧಿಕಾರಿ ಕೊಲೆಯಾಗುವುದು 65 ಲಕ್ಷಕ್ಕೆ ಒಂದು, ಹಲ್ಲೆಯಲ್ಲಿ ಗಂಭೀರ ಗಾಯವಾಗುವುದು 3,61,111ಕ್ಕೆ ಒಂದು. ಪೊಲೀಸರ ಕಡೆಯ ಉತ್ತರವನ್ನೂ ಕೇಳಬೇಕು: ಎಚ್ಚರಿಕೆಯಿಂದ ಇರುವುದರಿಂದಲೇ ಸಂಖ್ಯೆ ಕಡಿಮೆ, ಆ ಒಂದು ಯಾವ ಕಾರು ಎಂದು ಮೊದಲೇ ಗೊತ್ತಾಗುವುದಿಲ್ಲ. ಎರಡೂ ನಿಜ. ಆದರೆ ಪ್ರತಿ ಕಿಟಕಿಗೂ ಸಾವಿನ ನಿರೀಕ್ಷೆಯಿಂದ ಹೋದರೆ ಪರ್ಸಿಗೆ ಹೋದ ಕೈಯೂ ಬಂದೂಕಿಗೆ ಹೋದಂತೆ ಕಾಣುತ್ತದೆ. ನ್ಯೂಯಾರ್ಕ್ ಟೈಮ್ಸ್ 2021ರ ತನಿಖೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಕೈಯಲ್ಲಿ ಬಂದೂಕಾಗಲಿ ಚಾಕುವಾಗಲಿ ಇಲ್ಲದ, ಹಿಂಸಾತ್ಮಕ ಅಪರಾಧಕ್ಕೆ ಬೆನ್ನಟ್ಟುತ್ತಿರದ 400ಕ್ಕೂ ಹೆಚ್ಚು ಚಾಲಕರು, ಪ್ರಯಾಣಿಕರು ಪೊಲೀಸರಿಂದ ಸತ್ತದ್ದನ್ನು ಲೆಕ್ಕ ಹಾಕಿತು.

ಯಾರನ್ನು ನಿಲ್ಲಿಸುತ್ತಾರೆ ಎಂಬುದಕ್ಕೆ ಸ್ಟ್ಯಾನ್‌ಫರ್ಡ್ ಸಂಶೋಧಕರು ಸುಮಾರು ಹತ್ತು ಕೋಟಿ ದಾಖಲೆಗಳ ಮೇಲೆ ಒಂದು ಜಾಣ ಪರೀಕ್ಷೆ ಮಾಡಿದರು. ಸಂಜೆ ಏಳು ಗಂಟೆ ಬೇಸಿಗೆಯಲ್ಲಿ ಬೆಳಕು, ಚಳಿಗಾಲದಲ್ಲಿ ಕತ್ತಲೆ. ಅದೇ ಹೊತ್ತು, ಅದೇ ರಸ್ತೆ. ಕತ್ತಲೆಯಲ್ಲಿ ಚಾಲಕರ ಮೈಬಣ್ಣ ಕಾಣುವುದಿಲ್ಲ. ಕತ್ತಲಾದ ಮೇಲೆ ನಿಲ್ಲಿಸಿದವರಲ್ಲಿ ಕಪ್ಪು ಚಾಲಕರ ಪಾಲು ಇಳಿಯಿತು. 1996ರ ರೆನ್ ತೀರ್ಪಿನಿಂದಾಗಿ ಅಧಿಕಾರಿಯ ಮನಸ್ಸಿನಲ್ಲಿ ಬೇರೆ ಉದ್ದೇಶವಿದ್ದರೂ ಸಣ್ಣದೊಂದು ನಿಯಮ ಮುರಿದದ್ದು ನಿಜವಾಗಿದ್ದರೆ ನಿಲ್ಲಿಸುವುದು ಸಿಂಧು. ಮೇಲೆ ಹೇಳಿದ ಬಿಲ್ಲೆ, ಬ್ರೇಕ್ ಲೈಟ್, ಇಂಡಿಕೇಟರ್ ಕಾರಣಗಳಿಗೆಲ್ಲ ಬಾಗಿಲು ತೆರೆದದ್ದು ಅದೇ.

ಆದ್ದರಿಂದ ಸುಧಾರಣೆ ಬೇಕೆನ್ನುವವರು ಈಗ ಕೈ ಹಾಕುತ್ತಿರುವುದು ಸ್ಟಾಪ್‌ನ ಸಂಖ್ಯೆಗೇ. ಫಿಲಡೆಲ್ಫಿಯಾ 2021ರಲ್ಲಿ ಮಾಡಿದ ಕಾನೂನು ಎಂಟು ಬಗೆಯ ಸಣ್ಣ ತಪ್ಪುಗಳಿಗೆ, ಅಂದರೆ ಒಂದು ದೀಪ ಹೋಗಿರುವುದು, ಕನ್ನಡಿಗೆ ತೂಗುಹಾಕಿರುವುದು, ಬಂಪರ್ ಸ್ವಲ್ಪ ಜಖಂ, ನೋಂದಣಿ ಮುಗಿದು 60 ದಿನದೊಳಗೆ ಇರುವುದು ಇಂಥವಕ್ಕೆ ಮಾತ್ರವೇ ಗಾಡಿ ನಿಲ್ಲಿಸುವುದನ್ನು ಬಿಡಿಸಿತು. ದಂಡ ಉಳಿಯಿತು, ರಸ್ತೆಬದಿಯ ಮುಖಾಮುಖಿ ಹೋಯಿತು. ವರ್ಜೀನಿಯಾ ರಾಜ್ಯಮಟ್ಟದಲ್ಲೇ ಹೀಗೆ ಮಾಡಿತು. ಮೆಂಫಿಸ್ ನಗರ ನಿಕಲ್ಸ್ ಸಾವಿನ ನಂತರ ಮಾಡಿದ್ದನ್ನು ಟೆನೆಸಿ ರಾಜ್ಯ 2024ರಲ್ಲಿ ಕಾನೂನು ತಂದು ರದ್ದು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿರುವವರು ಗಮನಿಸಿ: 2024ರ ಜನವರಿ 1ರಿಂದ ಅಲ್ಲಿ ಪ್ರಶ್ನೆ ಶುರು ಮಾಡುವ ಮೊದಲೇ ನಿಲ್ಲಿಸಿದ ಕಾರಣವನ್ನು ಅಧಿಕಾರಿ ಹೇಳಬೇಕು, ತಕ್ಷಣದ ಅಪಾಯ ತಪ್ಪಿಸಲು ಮುಚ್ಚಿಡಬೇಕಾದ ಸಂದರ್ಭವನ್ನು ಬಿಟ್ಟು. "ಯಾಕೆ ನಿಲ್ಲಿಸಿದೆ ಗೊತ್ತಾ?" ಎಂಬ ಹಳೆಯ ಆಟ ಅಲ್ಲಿಗೆ ಮುಗಿಯಿತು.

ಊರಿನ ಜೊತೆ ಹೋಲಿಸದೆ ನಮಗೆ ಸಮಾಧಾನವಿಲ್ಲ. ಕರ್ನಾಟಕದಲ್ಲಿ ಜಗಳ ಪಿಸ್ತೂಲಿನದಲ್ಲ, ಕೀ ಕಿತ್ತುಕೊಳ್ಳುವುದು, ಹ್ಯಾಂಡಲ್ ಹಿಡಿಯುವುದು, ಓಡುವ ಬೈಕಿಗೆ ಅಡ್ಡ ನುಗ್ಗುವುದು ಇವುಗಳದ್ದು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ರಸ್ತೆಗೆ ಬಿದ್ದ ಪುಟ್ಟ ಮಗು ಸತ್ತಿತು, ಮೂವರು ಎಎಸ್‌ಐಗಳು ಅಮಾನತಾದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ನೋಡಲೆಂದೇ ಗಾಡಿ ನಿಲ್ಲಿಸಬೇಡಿ, ಏಕಾಏಕಿ ಅಡ್ಡ ಹೋಗಬೇಡಿ, ಕೀ ಕಿತ್ತುಕೊಳ್ಳಬೇಡಿ ಎಂದು ಆಮೇಲೆ ರಾಜ್ಯ ಪೊಲೀಸ್ ಮುಖ್ಯಸ್ಥರಿಂದ ಸುತ್ತೋಲೆ ಬಂತು. ಫಿಲಡೆಲ್ಫಿಯಾದ ದಾರಿಯೂ ಇದೇ.

ಆದರೆ ಊರಿನ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ. ಅಲ್ಲಿ ಪೊಲೀಸ್ ಕೈ ಮಾಡಿದರೆ ಗಾಡಿ ಬದಿಗೆ ಹಾಕಿ, ಇಳಿದು, ದಾಖಲೆ ಹಿಡಿದು ಸಾಹೇಬರ ಹತ್ತಿರ ಹೋಗುವುದೇ ಮರ್ಯಾದೆ. ಅಮೆರಿಕದಲ್ಲಿ ಕರೆಯದೆ ಇಳಿದರೆ ಮೈಮೇಲೆ ಬರುತ್ತಿದ್ದಾರೆ ಎಂದೇ ಅರ್ಥ. ಇಂಡಿಕೇಟರ್ ಹಾಕಿ, ಬಲಕ್ಕೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಇಂಜಿನ್ ಆಫ್ ಮಾಡಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಕಿಟಕಿ ಇಳಿಸಿ, ಕೈ ಸ್ಟೀರಿಂಗ್ ಮೇಲೆ. ಅಧಿಕಾರಿ ಬರುವ ಮೊದಲು ಗ್ಲವ್ ಬಾಕ್ಸ್ ತಡಕಾಡಬೇಡಿ. ಹಿಂದಿನಿಂದ ನೋಡುವವರಿಗೆ ನೀವು ಏನನ್ನೋ ಬಚ್ಚಿಡುತ್ತಿರುವಂತೆ ಕಾಣುತ್ತದೆ. ಕೇಳಿದಾಗ "ಲೈಸೆನ್ಸ್ ಹಿಂದಿನ ಜೇಬಿನಲ್ಲಿದೆ, ಬಲಗೈಯಿಂದ ತೆಗೆಯಲೇ?" ಎಂದು ಹೇಳಿ, ಉತ್ತರ ಬಂದ ಮೇಲೆ ತೆಗೆಯಿರಿ. ಟಿಕೆಟ್‌ಗೆ ಸಹಿ ಮಾಡುವುದು ತಪ್ಪೊಪ್ಪಿಗೆಯಲ್ಲ, ಕೋರ್ಟಿಗೆ ಬರುತ್ತೇನೆ ಎಂಬ ಮಾತು ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಸಹಿ ನಿರಾಕರಿಸಿದರೆ ಬಂಧಿಸಿ ನ್ಯಾಯಾಧೀಶರ ಮುಂದೆ ಒಯ್ಯುತ್ತಾರೆ. ಸೀಟ್ ಬೆಲ್ಟ್‌ನಂಥ ತಪ್ಪಿಗೂ ಬಂಧಿಸಬಹುದು ಎಂದು ಸುಪ್ರೀಂ ಕೋರ್ಟ್ 2001ರ ಅಟ್‌ವಾಟರ್ ಪ್ರಕರಣದಲ್ಲಿ ಹೇಳಿದೆ. ಆ ಟೆಕ್ಸಸ್ ತಪ್ಪಿಗೆ ಗರಿಷ್ಠ ದಂಡ ಇದ್ದದ್ದು 50 ಡಾಲರ್.

ಊರಿಂದ ಬಂದ ಅಪ್ಪ-ಅಮ್ಮ ಹಿಂದಿನ ಸೀಟಿನಲ್ಲಿದ್ದರೆ ಹೊರಡುವ ಮೊದಲೇ ಹೇಳಿಡಿ. ಅಪ್ಪ ಬಾಗಿಲು ತೆಗೆದು "ಏನಾಯ್ತು ಸಾರ್" ಎಂದು ಇಳಿಯುವುದು, ಅಮ್ಮ ಕಾಲಬುಡದ ಚೀಲಕ್ಕೆ ಕೈ ಹಾಕುವುದು, ಎರಡೂ ಬೇಡ. ಇಂಗ್ಲಿಷ್ ಬರದಿರುವುದನ್ನು ಅವಿಧೇಯತೆ ಎಂದುಕೊಳ್ಳುವ ಅಪಾಯ ಸಣ್ಣದಲ್ಲ. 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಮಗನ ಮನೆಗೆ ಬಂದಿದ್ದ ಸುರೇಶ್‌ಭಾಯ್ ಪಟೇಲ್ ಕಾರಿನಲ್ಲಿ ಕೂಡ ಇರಲಿಲ್ಲ, ಕಾಲುದಾರಿಯಲ್ಲಿ ನಡೆಯುತ್ತಿದ್ದರು. ಪೊಲೀಸ್ ಅಧಿಕಾರಿ ನೆಲಕ್ಕೆ ಕೆಡವಿದಾಗ ಬಿದ್ದ ಪೆಟ್ಟಿನಿಂದ ಭಾಗಶಃ ಪಾರ್ಶ್ವವಾಯುವಿಗೆ ಒಳಗಾದರು.

ಸಭಿಕರ ಪ್ರಶ್ನೆಗಳಲ್ಲಿ ಎರಡು:

"ಕಾರನ್ನು ಹುಡುಕಲು ಬಿಡಬೇಕೇ?" ಒಪ್ಪಿಗೆ ಕೇಳಿದರೆ, ಒಪ್ಪುವುದಿಲ್ಲ ಎಂದು ಮೆಲುದನಿಯಲ್ಲಿ ಹೇಳಬಹುದು. ನಿರಾಕರಿಸುವ ಹಕ್ಕಿದೆ ಎಂದು ಅವರು ನಿಮಗೆ ತಿಳಿಸಬೇಕಾಗಿಲ್ಲ. ಒಪ್ಪದಿದ್ದರೂ ಹುಡುಕಲು ಶುರು ಮಾಡಿದರೆ ಅಡ್ಡ ಹೋಗಬೇಡಿ. ಮಾದಕವಸ್ತು ಮೂಸುವ ನಾಯಿ ತರಿಸುವುದಕ್ಕೆಂದೇ ಬೇರೆ ಅನುಮಾನವಿಲ್ಲದೆ ಕಾಯಿಸುವಂತಿಲ್ಲ: 2015ರ ರಾಡ್ರಿಗಸ್ ತೀರ್ಪಿನಲ್ಲಿ ಏಳೆಂಟು ನಿಮಿಷದ ಕಾಯಿಸುವಿಕೆಯೂ ತಪ್ಪು ಎಂದಾಯಿತು. ಆದರೆ ಅದನ್ನು ಎತ್ತಬೇಕಾದ ಜಾಗ ಕೋರ್ಟು.

"ಅನ್ಯಾಯವಾಯಿತು ಅನ್ನಿಸಿದರೆ ಏನು ಮಾಡುವುದು?" ರಸ್ತೆಯಲ್ಲಿ ಏನೂ ಇಲ್ಲ. ಮನೆಗೆ ಬಂದ ದಿನವೇ ಬರೆದಿಡಿ, ಗಾಯವಿದ್ದರೆ ಫೋಟೊ, ವೈದ್ಯರ ದಾಖಲೆ. ಅಧಿಕಾರಿಯ ಮೇಲಿನ ದಾವೆಗೆ ಅರ್ಹ ರಕ್ಷಣೆ ಎಂಬ ಗೋಡೆ ಇದೆ: ಹಾಗೆ ಮಾಡುವುದು ಕಾನೂನುಬಾಹಿರ ಎಂದು ಹಿಂದಿನ ತೀರ್ಪುಗಳಿಂದ ಸ್ಪಷ್ಟವಾಗಿರದಿದ್ದರೆ ದಾವೆ ಅಲ್ಲೇ ಬೀಳುತ್ತದೆ. ಅವಧಿಯ ಲೆಕ್ಕವೂ ಇದೆ. ಕೇಂದ್ರ ನಾಗರಿಕ ಹಕ್ಕು ದಾವೆಗೆ ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾ ಎರಡರಲ್ಲೂ ಎರಡು ವರ್ಷ, ಆದರೆ ಕ್ಯಾಲಿಫೋರ್ನಿಯಾದ ರಾಜ್ಯ ಕಾನೂನಿನಡಿ ಪರಿಹಾರ ಕೇಳುವುದಾದರೆ ಆರು ತಿಂಗಳೊಳಗೆ ಸಂಬಂಧಪಟ್ಟ ಸರ್ಕಾರಿ ಸಂಸ್ಥೆಗೆ ಲಿಖಿತ ಅರ್ಜಿ ಹೋಗಬೇಕು. ವೀಡಿಯೊ ಅದಕ್ಕೂ ಮೊದಲೇ ಹೋಗಿಬಿಡಬಹುದು. ಟೆಕ್ಸಸ್ ಕಾನೂನು ಬಾಡಿ ಕ್ಯಾಮೆರಾ ದಾಖಲೆಯನ್ನು ಕನಿಷ್ಠ 90 ದಿನ ಇಡಬೇಕು ಎನ್ನುತ್ತದೆ. ಅದನ್ನು ಕೇಳುವ ಅರ್ಜಿಯಲ್ಲಿ ದಿನಾಂಕ ಮತ್ತು ಅಂದಾಜು ಸಮಯ, ನಿಲ್ಲಿಸಿದ ನಿರ್ದಿಷ್ಟ ಜಾಗ, ದೃಶ್ಯದಲ್ಲಿರುವ ಒಬ್ಬರಾದರೂ ವ್ಯಕ್ತಿಯ ಹೆಸರು, ಈ ಮೂರೂ ಇರಲೇಬೇಕು. ನಿಮ್ಮದೇ ಹೆಸರು ಬರೆದರೂ ಸಾಕು.